ಖಾರದ ಹದ

ಕಳೆದ ಶ್ರಾವಣ ಮಾಸದಲ್ಲಿ ಜೇವರ್ಗಿ ತಾಲ್ಲೂಕಿನ ಒಂದು ಗ್ರಾಮದ ಮಠದಲ್ಲಿ ತಿಂಗಳ ಪರ್ಯಂತ ಪ್ರವಚನ ನಡೆಸುವ ಸೇವೆ ನನ್ನ ಪಾಲಿಗೆ ಒದಗಿತ್ತು. ಅಷ್ಟಾವರಣಗಳಲ್ಲಿ ಒಂದಾದ ಪ್ರಸಾದದ ಮಹಿಮೆಯನ್ನು ಒಂದು ದಿನ ವಿವರಿಸಿ, ಎಂದಿನಂತೆ ಕೊನೆಯಲ್ಲಿ, "ಸಂದೇಹಗಳಿದ್ದರೆ ಕೇಳಬಹುದು" ಎಂದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ, ಮದುವೆಯಾಗಿ ಬಂದು ವರ್ಷವೂ ತುಂಬಿರದ ಒಬ್ಬ ಸೊಸೆ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. "ಗುರುಗಳೇ, ಲಿಂಗಕ್ಕ ತೋರಿಸೋ ಎಡಿ ಮೊದಲ ರುಚಿ ನೋಡಬಾರದು ಅಂತೀರಿ. ರುಚಿ ನೋಡದ ಮಾಡಿದ ಪಲ್ಯ ಬಾಳ ಖಾರ ಆದ್ರ ಏನ್ ಮಾಡಬೇಕ್ರಿ? ಪ್ರಸಾದ ಅಂತ ಚೆಲ್ಲಂಗಿಲ್ಲ, ಖಾರ ಅಂತ ಉಣ್ಣಲಿಕ್ಕ ಆಗಂಗಿಲ್ಲ."

ಸಭೆಯಲ್ಲಿ ನಗೆಯ ಅಲೆಯೆದ್ದಿತು. ಮುಂದಿನ ಸಾಲಿನ ಹಿರಿಯರೊಬ್ಬರು, "ಅಡಗಿಮನಿ ಮಾತು ಮಠದಾಗ ಯಾಕವ್ವಾ?" ಎಂದು ಗದರಿದರು. ಆ ಮಗಳು ಮುಖ ತಗ್ಗಿಸಿ ಕುಳಿತುಬಿಟ್ಟಳು. ನನಗೆ ಮಾತ್ರ ನಗು ಬರಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇದೇ ಮಾತನ್ನು ನನ್ನ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಕೇಳಿದ್ದರೆ, ಒಂದು ಹಿರಿಯ ಜೀವ ಅನೇಕ ತಿಂಗಳು ಮೌನವಾಗಿ ನೋಯುವುದು ತಪ್ಪುತ್ತಿತ್ತು. ಅದನ್ನು ಮುಂದೆ ನಿವೇದಿಸುತ್ತೇನೆ. ಅಂದು ಸಮಯಾಭಾವದಿಂದ ನಾಲ್ಕೇ ಮಾತು ಹೇಳಿ, ಉಳಿದುದನ್ನು ಬರೆದು ತಿಳಿಸುವೆನೆಂದು ಆ ಮಗಳಿಗೆ ವಚನ ಕೊಟ್ಟಿದ್ದೆ. ಈ ಲೇಖನ ಆ ಋಣದ ಸಂದಾಯ.

ಅಡುಗೆಮನೆಯ ಮಾತು ಮಠಕ್ಕೆ ಹೊರತೆಂಬ ಭಾವನೆ ಶರಣಧರ್ಮಕ್ಕೆ ಒಪ್ಪುವಂತಹುದಲ್ಲ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದವರು ಅವರ ಪತ್ನಿ ಲಕ್ಕಮ್ಮನವರು. ದಾಸೋಹಕ್ಕೆ ಎಷ್ಟು ಬೇಕು, ಎಷ್ಟು ಹೆಚ್ಚಾಯಿತು ಎಂಬ ಅಳತೆಯ ಅರಿವು ಒಲೆಯ ಮುಂದೆ ಕುಳಿತ ಆ ತಾಯಿಗಿತ್ತು. ಹನ್ನೆರಡನೆಯ ಶತಮಾನದ ಒಂದು ಮಹಾತತ್ತ್ವ ಮುಷ್ಟಿ ಅಕ್ಕಿಯ ಅಳತೆಯಲ್ಲಿ ಪ್ರಕಟವಾಗಬಹುದಾದರೆ, ಚಿಟಿಕೆ ಖಾರದ ಅಳತೆಯಲ್ಲಿ ಏಕೆ ಆಗಬಾರದು?

ಇನ್ನೊಂದು ಸಂಗತಿಯನ್ನು ಹೇಳಿದರೆ ನಮ್ಮ ತಾಯಂದಿರು ಬೆರಗಾಗುತ್ತಾರೆ. ಬಸವಾದಿ ಪ್ರಮಥರ ಕಲ್ಯಾಣದಲ್ಲಿ ಮೆಣಸಿನಕಾಯಿ ಇರಲೇ ಇಲ್ಲ. ಅದು ಅಮೆರಿಕಾ ಖಂಡದ ಬೆಳೆ. ಪೋರ್ಚುಗೀಸರು 1498ರಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂದು, 1510ರಲ್ಲಿ ಗೋವೆಯನ್ನು ಹಿಡಿದ ತರುವಾಯ ಅವರ ಹಡಗುಗಳ ಮೂಲಕ ಈ ನಾಡಿಗೆ ಕಾಲಿಟ್ಟಿತು. ಅದಕ್ಕೂ ಮುನ್ನ ನಮ್ಮವರ ಅಡುಗೆಗೆ ಖಾರ ಕೊಡುತ್ತಿದ್ದವು ಮೆಣಸು, ಹಿಪ್ಪಲಿ, ಶುಂಠಿ, ಸಾಸಿವೆಗಳು. ಹೊಸ ಕಾಯಿಯ ಗುಣ ಮೆಣಸಿನಂತೆಯೇ ಇದ್ದುದರಿಂದ ನಮ್ಮವರು ಅದನ್ನು 'ಮೆಣಸಿನಕಾಯಿ' ಎಂದು ಕರೆದರು. ಕ್ರಮೇಣ ಕಾಯಿಯೇ ಮನೆಯೊಡತಿಯಾಗಿ, ಮೂಲದ ಮೆಣಸು 'ಕರಿಮೆಣಸು' ಎಂದು ಹೆಸರಿಗೆ ಬಣ್ಣ ಹಚ್ಚಿಕೊಳ್ಳಬೇಕಾಯಿತು. ನಾವು ಪರಂಪರೆಯದೆಂದು ಹೆಮ್ಮೆಪಡುವ ಬದನೆಯ ಎಣ್ಣೆಗಾಯಿಯನ್ನೇ ನೋಡಿರಿ. ಬದನೆಯೇನೋ ನಮ್ಮದು. ಅದರ ಹೊಟ್ಟೆಯೊಳಗಿನ ಶೇಂಗಾ ಮತ್ತು ಮೆಣಸಿನಕಾಯಿ ಎರಡೂ ಹಡಗೇರಿ ಬಂದ ಅತಿಥಿಗಳು. ಆದುದರಿಂದ, "ಹಿರಿಯರ ಕಾಲದಿಂದ ನಮ್ಮ ಮನೆಯಲ್ಲಿ ಇಷ್ಟೇ ಖಾರ, ಇದನ್ನು ಕಡಿಮೆ ಮಾಡಲಾಗದು" ಎಂದು ಹಟ ಹಿಡಿಯುವವರು ಯಾವ ಹಿರಿಯರ ಕಾಲದಿಂದ ಎಂಬುದನ್ನು ಸ್ವಲ್ಪ ಯೋಚಿಸಬೇಕು.

ಹಾಗೆಂದು ನಮ್ಮ ಸೀಮೆಯ ಖಾರವನ್ನು ಹಳಿಯುವುದೂ ಸರಿಯಲ್ಲ. ಭೀಮಾ ನದಿಯ ಎರಡೂ ದಂಡೆಗಳ ಅಫಜಲಪುರ, ಜೇವರ್ಗಿ ಹಾಗೂ ಉತ್ತರದ ಆಳಂದ ಇವು ಬಹುಪಾಲು ಮಳೆಯನ್ನೇ ನಂಬಿದ ಭೂಮಿಗಳು. ಎರೆಹೊಲದಲ್ಲಿ ಜೋಳ ಮತ್ತು ತೊಗರಿ ಬೆಳೆಯುತ್ತವೆ; ಕಾಯಿಪಲ್ಯೆ ವರ್ಷವಿಡೀ ದೊರೆಯುವುದಿಲ್ಲ. 1972ರ ಬರಗಾಲದಲ್ಲಿ ನನಗೆ ಹನ್ನೊಂದು ವರ್ಷ. ಒಣರೊಟ್ಟಿಯ ಮೇಲೆ ಒಂದಿಷ್ಟು ಕೆಂಪುಖಾರ, ಅದರ ಮೇಲೆ ಎರಡು ಹನಿ ಕುಸುಬೆ ಎಣ್ಣೆ, ಪಕ್ಕದಲ್ಲಿ ಒಂದು ಉಳ್ಳಾಗಡ್ಡಿ. ಇಷ್ಟೇ ನಮ್ಮ ಊಟವಾಗಿದ್ದ ದಿನಗಳು ನೆನಪಿವೆ. ಪಲ್ಯವಿಲ್ಲದ ಮನೆಯಲ್ಲಿ ಖಾರವೇ ಪಲ್ಯವಾಗಿ ರೊಟ್ಟಿಯನ್ನು ಗಂಟಲಿನಿಂದ ಇಳಿಸುತ್ತಿತ್ತು. ಬಡವರ ಹಸಿವಿಗೆ ಜೊತೆಯಾದ ವಸ್ತುವನ್ನು ನಿಂದಿಸಲು ನನ್ನ ನಾಲಿಗೆ ಏಳುವುದಿಲ್ಲ.

ಆ ಬರದ ಮರುವರ್ಷವೇ ನನ್ನನ್ನು ವಿದ್ಯಾಭ್ಯಾಸಕ್ಕಾಗಿ ಒಂದು ಮಠಕ್ಕೆ ಒಪ್ಪಿಸಿದರು. ಬೆಳಗಿನಲ್ಲಿ ಸಂಸ್ಕೃತ ಮತ್ತು ವಚನಗಳ ಪಾಠ, ಸಂಜೆ ದಾಸೋಹದ ಮನೆಯಲ್ಲಿ ಕಾಯಕ. ಅಡುಗೆಯ ಮೇಲ್ವಿಚಾರಣೆ ನೋಡುತ್ತಿದ್ದ ಹಿರಿಯರನ್ನು ನಾವೆಲ್ಲ 'ಕಾಕಾ' ಎನ್ನುತ್ತಿದ್ದೆವು. ಓದು ಬರಹ ಅರಿಯದವರು. ಆದರೆ ಖಾರದ ವಿಷಯದಲ್ಲಿ ನಾನು ಕಂಡ ಮೊದಲ ಪಂಡಿತರು ಅವರೇ. ಎಡೆಗೆ ಮುನ್ನ ಅಡುಗೆಯನ್ನು ನಾಲಿಗೆಗೆ ತಾಗಿಸುವ ಮಾತೇ ಅಲ್ಲಿರಲಿಲ್ಲ. ಕಾಕಾ ಕೊಪ್ಪರಿಗೆಯ ಆವಿಯನ್ನು ಮೂಗಿಗೆ ಎಳೆದುಕೊಂಡು, ಸೌಟಿನಿಂದ ಎತ್ತಿ ಬಣ್ಣ ನೋಡಿ, ಉಪ್ಪು ಖಾರಗಳ ಹದ ಹೇಳುತ್ತಿದ್ದರು.

ನಾನು ಹದಿನಾಲ್ಕರ ಹುಡುಗನಿದ್ದಾಗ ಜಾತ್ರೆಯ ದಿನ ಒಂದು ಪ್ರಮಾದ ನಡೆಯಿತು. ಬದನೆಯ ಪಲ್ಯಕ್ಕೆಂದು ಕಾಕಾ ಅಳೆದು ಕೊಟ್ಟ ಖಾರದ ಪುಡಿಯನ್ನು ನಾನು ಸುರಿದೆ. ನಾನು ಸುರಿದುದನ್ನು ಅರಿಯದ ನನ್ನ ಸಹಪಾಠಿ ಅಷ್ಟೇ ಪುಡಿಯನ್ನು ಮತ್ತೊಮ್ಮೆ ಅಳೆದು ಸುರಿದ. ಒಗ್ಗರಣೆಯ ಘಾಟು ಎದ್ದೊಡನೆ ಕಾಕಾ ಕೆಮ್ಮುತ್ತ ಓಡಿ ಬಂದು ನಮ್ಮಿಬ್ಬರ ಮುಖ ನೋಡಿದರು. "ಇಬ್ಬರೂ ಹಾಕೀರೇನಪ್ಪಾ?" ಎಂದರು. ನಾವು ಅಳುವುದೊಂದೇ ಬಾಕಿ. ಹೊರಗೆ ನೂರಾರು ಭಕ್ತರು ಪಂಕ್ತಿಗೆ ಕಾಯುತ್ತಿದ್ದರು.

ಕಾಕಾ ಬಯ್ಯಲಿಲ್ಲ. ಮೊದಲು ಒಲೆಯ ಕೊಳ್ಳಿಗಳನ್ನು ಹೊರಗೆಳೆಸಿದರು. ಕುದಿ ಅಡಗಿದ ಮೇಲೆ ಕೆಂಪು ಎಣ್ಣೆ ಮೇಲೆ ತೇಲಿ ನಿಂತಿತು. ಅದನ್ನು ಸೌಟಿನಿಂದ ಮೆಲ್ಲನೆ ತೆಗೆದು ಒಂದು ಪಾತ್ರೆಯಲ್ಲಿ ಕಾದಿರಿಸಿದರು. ಮುಂದೆ ನಾಲ್ಕು ದಿನ ಬ್ಯಾಳಿಯ ಒಗ್ಗರಣೆಗೆ ಅದೇ ಎಣ್ಣೆ ಬಳಕೆಯಾಯಿತು. ಆಮೇಲೆ ಬೆಂದ ತೊಗರಿಬೇಳೆಯನ್ನು ಕಡೆದು ಪಲ್ಯಕ್ಕೆ ಕೂಡಿಸಿದರು. ಹುರಿದ ಶೇಂಗಾ, ಎಳ್ಳುಗಳ ಪುಡಿಯನ್ನು ಮೊರದಿಂದ ಸುರಿಸಿದರು. ಸ್ವಲ್ಪ ಹುಣಸೆಯ ರಸ, ಒಂದು ಹೆಂಟೆ ಬೆಲ್ಲ ಬಿದ್ದವು. ಇಷ್ಟೆಲ್ಲ ಸೇರಿ ಸಪ್ಪೆಯಾದುದಕ್ಕೆ ಉಪ್ಪನ್ನು ಮತ್ತೆ ನೋಡಿಕೊಂಡರು. ಬಡಿಸುವವರನ್ನು ಕರೆದು, "ಮುದುಕರಿಗೆ, ಕೂಸುಗಳಿಗೆ ಪಲ್ಯ ಬೆರಳಿನಷ್ಟ ಹಾಕ್ರಿ, ಮಜ್ಜಿಗಿ ಮುಂದಿಟ್ಟ ಮುಂದಕ್ಕ ಹೋಗ್ರಿ" ಎಂದು ಆಜ್ಞೆ ಮಾಡಿದರು. ಅಂದು ಪಂಕ್ತಿಯಲ್ಲಿ ಯಾರೂ ತಾಟಿನಲ್ಲಿ ಪಲ್ಯ ಬಿಟ್ಟು ಏಳಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಕಾಕಾ ನನಗೆ ಹೇಳಿದ ಮಾತು ಇದು: "ಹಾಕಿದ ಖಾರ ತಿರುಗಿ ತಗೀಲಿಕ್ಕ ಬರಂಗಿಲ್ಲಪ್ಪ. ಅದರ ಸುತ್ತ ನಾಕ ಮಂದಿ ಒಳ್ಳೇವರನ್ನ ಕೂಡಿಸಬೇಕು. ಒಬ್ಬನ ಸಿಟ್ಟು ನಾಕ ಮಂದ್ಯಾಗ ಕರಗತದ."

ಕಾಕಾ ಅನುಭವದಿಂದ ಅರಿತುದಕ್ಕೆ ವಿಜ್ಞಾನ ಕಾರಣ ಕೊಟ್ಟಿದೆ. ಮೆಣಸಿನಕಾಯಿಯ ಖಾರಕ್ಕೆ ಮೂಲವಾದ ವಸ್ತುವಿನ ಹೆಸರು ಕ್ಯಾಪ್ಸೈಸಿನ್. ಅದು ಹೆಚ್ಚಾಗಿ ಇರುವುದು ಬೀಜದಲ್ಲಲ್ಲ. ಬೀಜಗಳನ್ನು ಹಿಡಿದುಕೊಂಡಿರುವ ಬಿಳಿಯ ತಿರುಳಿನಲ್ಲಿ. ಅದು ನೀರಿನಲ್ಲಿ ಕರಗದು; ಎಣ್ಣೆ, ಬೆಣ್ಣೆ, ತುಪ್ಪಗಳಲ್ಲಿ ಕರಗುತ್ತದೆ. ಆದುದರಿಂದಲೇ ಎಣ್ಣೆಗಾಯಿಯ ಖಾರದ ಬಹುಭಾಗ ಮೇಲೆ ತೇಲುವ ಕೆಂಪೆಣ್ಣೆಯಲ್ಲಿರುತ್ತದೆ, ಅದನ್ನು ತೆಗೆದರೆ ಖಾರವೂ ತಗ್ಗುತ್ತದೆ. ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿಗಳ ಪುಡಿ ತಮ್ಮ ಜಿಡ್ಡಿನಲ್ಲಿ ಖಾರವನ್ನು ಹಿಡಿದುಕೊಂಡು ನಾಲಿಗೆಗೆ ಒಮ್ಮೆಲೇ ತಾಗದಂತೆ ಮಾಡುತ್ತವೆ. ಹಾಲು, ಮೊಸರು, ಮಜ್ಜಿಗೆಗಳಲ್ಲಿರುವ ಕೇಸೀನ್ ಎಂಬ ಸಸಾರಜನಕ ಖಾರದ ಕಣಗಳಿಗೆ ಅಂಟಿಕೊಂಡು ಅವುಗಳನ್ನು ತೊಳೆದೊಯ್ಯುತ್ತದೆ. ನೆತ್ತಿಗೇರಿದಾಗ ತಂಬಿಗೆ ನೀರು ಕುಡಿದರೂ ಉರಿ ನಿಲ್ಲದೆ, ಒಂದು ಗುಟುಕು ಮಜ್ಜಿಗೆಗೆ ಶಾಂತವಾಗುವುದಕ್ಕೆ ಇದೇ ಕಾರಣ.

ನಮ್ಮ ಶಾಸ್ತ್ರಗಳು ಕಟುವನ್ನು ಷಡ್ರಸಗಳಲ್ಲಿ ಒಂದೆಂದು ಎಣಿಸಿವೆ. ಆಧುನಿಕ ವಿಜ್ಞಾನ ಅದನ್ನು ರುಚಿ ಎನ್ನದೆ ಉರಿಯ ಅನುಭವ ಎನ್ನುತ್ತದೆ. ಬೆಂಕಿಯ ಬಿಸಿಯನ್ನು ಅರಿಯುವ ನರದ ಬಾಗಿಲನ್ನೇ ಕ್ಯಾಪ್ಸೈಸಿನ್ ತಟ್ಟುತ್ತದೆ ಎಂಬುದನ್ನು ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿ 1997ರಲ್ಲಿ ಕಂಡುಹಿಡಿದರು. 2021ರಲ್ಲಿ ನೊಬೆಲ್ ಪಾರಿತೋಷಕ ಅವರಿಗೂ ಸಂದಿತು. ಪಕ್ಷಿಗಳಿಗೆ ಈ ಉರಿ ತಾಗುವುದಿಲ್ಲ. ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿದ ಮಹಾದಾಸೋಹಿ ಶರಣಬಸವೇಶ್ವರರು ಹೊಲದ ತೆನೆಗಳನ್ನು ಹಕ್ಕಿಗಳಿಗೆ ಬಿಟ್ಟುಕೊಟ್ಟು, ಕುಡಿಯಲು ನೀರನ್ನೂ ಇಟ್ಟರೆಂಬ ಕಥೆ ನಮ್ಮ ಮನೆಮನೆಯ ಮಾತು. ತಿನ್ನುವ ಜೀವಕ್ಕೆ ಇನ್ನೇನು ಬೇಕಾಗಬಹುದೆಂದು ಕೊಡುವವನೇ ಮುಂದಾಗಿ ಯೋಚಿಸುವುದು ಆ ಕಥೆಯ ತಿರುಳು. ನೀರು ಬೇಕೆಂದು ಹಕ್ಕಿ ಕೇಳಲಾರದು. ಬಾಯಿ ಉರಿಯುತ್ತದೆಂದು ಮನೆಯಲ್ಲಿ ಯಾರು ಯಾರು ಹೇಳಲಾರರು ಎಂಬುದನ್ನೂ ನಾವು ಎಣಿಸಿ ನೋಡಬೇಕು.

ಈಗ ಗೃಹಿಣಿಯರಿಗೆ ಉಪಯೋಗವಾಗುವ ಮಾತು. ಪಲ್ಯ ಖಾರವಾದಾಗ ಬರಿಯ ನೀರು ಸುರಿಯುವುದು ನಮ್ಮಲ್ಲಿ ಮೊದಲು ಮಾಡುವ ತಪ್ಪು. ಪಲ್ಯ ತೆಳ್ಳಗಾಗಿ ಉಪ್ಪು, ಹುಳಿ ಸಪ್ಪೆಯಾಗುತ್ತವೆ, ಖಾರ ಮಾತ್ರ ಎಣ್ಣೆಯೊಡನೆ ಹಾಗೆಯೇ ಉಳಿಯುತ್ತದೆ. ಮೊದಲು ಮೇಲಿನ ಎಣ್ಣೆಯನ್ನು ತೆಗೆಯಿರಿ. ಬಳಿಕ ಖಾರವಿಲ್ಲದೆ ಬೇಯಿಸಿದ ಅದೇ ಕಾಯಿಪಲ್ಯೆಯನ್ನೋ ಕಡೆದ ತೊಗರಿಬೇಳೆಯನ್ನೋ ಕೂಡಿಸಿರಿ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿ ಮನೆಯಲ್ಲಿರುವಾಗ ಬೇರೆ ಮದ್ದೇಕೆ? ಅನಂತರ ಶೇಂಗಾ ಅಥವಾ ಎಳ್ಳಿನ ಪುಡಿ. ಮೊಸರು ಹಾಕುವುದಾದರೆ ಒಲೆಯಿಂದ ಇಳಿಸಿ ಬಿಸಿ ತಗ್ಗಿದ ಮೇಲೆ, ಚಿಟಿಕೆ ಕಡಲೆಹಿಟ್ಟು ಕಲಸಿ ಹಾಕಬೇಕು. ಕುದಿಯುವಾಗ ಹಾಕಿದರೆ ಒಡೆದು ಹೋಗುತ್ತದೆ. ಬೆಲ್ಲವೂ ಹುಳಿಯೂ ಖಾರವನ್ನು ಕಳೆಯವು, ನಾಲಿಗೆಯ ಗಮನವನ್ನು ಬೇರೆಡೆಗೆ ಸೆಳೆಯುತ್ತವೆ. ಆದುದರಿಂದ ಸ್ವಲ್ಪವೇ ಸಾಕು. ಆಲೂಗಡ್ಡೆ ಖಾರವನ್ನೆಲ್ಲ ಹೀರಿಕೊಳ್ಳುತ್ತದೆಂಬ ನಂಬಿಕೆಯಿದೆ. ಅದು ತನ್ನ ಪಾಲಿನ ರಸವನ್ನಷ್ಟೇ ಹೀರುತ್ತದೆ. ಪಲ್ಯದ ಪ್ರಮಾಣ ಹೆಚ್ಚಾದಷ್ಟು ಖಾರ ಹಂಚಿಹೋಗುತ್ತದೆಯೇ ಹೊರತು ಆಲೂಗಡ್ಡೆಯಲ್ಲಿ ವಿಶೇಷ ಶಕ್ತಿಯೇನೂ ಇಲ್ಲ.

ಇವೆಲ್ಲ ಆದ ತಪ್ಪಿಗೆ ಪರಿಹಾರ. ಆಗದಂತೆ ನೋಡಿಕೊಳ್ಳುವ ಉಪಾಯವನ್ನೂ ಕಾಕಾ ಅವರಿಂದಲೇ ಕಲಿತೆ. ಬೇಸಿಗೆಯಲ್ಲಿ ವರ್ಷದ ಖಾರ ಕುಟ್ಟಿಸಿದ ದಿನವೇ ಅವರು ಚಿಟಿಕೆ ಪುಡಿಯನ್ನು ಒಂದು ಬಟ್ಟಲು ಮಜ್ಜಿಗೆಯಲ್ಲಿ ಕದಡಿ, ಒಬ್ಬ ಮುದುಕರಿಗೆ, ಒಬ್ಬ ಹುಡುಗನಿಗೆ, ಹೊಲದ ಕೆಲಸದ ಒಬ್ಬ ಆಳಿಗೆ ಕುಡಿಯಲು ಕೊಡುತ್ತಿದ್ದರು. ಯಾರಿಗೆ ಎಷ್ಟು ಉರಿಯಿತೆಂದು ಕೇಳಿಕೊಂಡು, ಆ ವರ್ಷದ ಪುಡಿಗೆ ಅಳತೆಯ ಚಮಚವನ್ನು ನಿಶ್ಚಯಿಸುತ್ತಿದ್ದರು. 1912ರಲ್ಲಿ ಅಮೆರಿಕಾದ ವಿಲ್ಬರ್ ಸ್ಕೋವಿಲ್ ಎಂಬ ಔಷಧಶಾಸ್ತ್ರಜ್ಞ ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳುಮಾಡುತ್ತ ಹೋಗಿ, ಕೆಲವರಿಗೆ ಕುಡಿಸಿ, ಖಾರ ಎಲ್ಲಿ ಮಾಯವಾಗುತ್ತದೆಂಬುದರಿಂದ ಅದನ್ನು ಅಳೆದನೆಂದು ಮುಂದೊಮ್ಮೆ ಓದಿದಾಗ, ನನಗೆ ಕಾಕಾ ಅವರ ಮಜ್ಜಿಗೆಯ ಬಟ್ಟಲು ಕಣ್ಣಮುಂದೆ ಬಂದಿತು. ಜೇವರ್ಗಿಯ ಆ ಮಗಳ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಎಡೆಯನ್ನು ರುಚಿ ನೋಡಬಾರದು, ನಿಜ, ಪುಡಿ ಎಡೆಯಲ್ಲವಲ್ಲ! ಪುಡಿಯ ಸ್ವಭಾವವನ್ನು ಮೊದಲೇ ಅರಿತಿದ್ದರೆ ಪಲ್ಯಕ್ಕೆ ಕೈ ತಪ್ಪುವುದಿಲ್ಲ. ಬಣ್ಣ ಬೇಕೆನ್ನುವವರು ಬ್ಯಾಡಗಿ ಮೆಣಸಿನಕಾಯಿ ಬಳಸಲಿ; ಅದರಲ್ಲಿ ಕೆಂಪು ಹೆಚ್ಚು, ಉರಿ ಕಡಿಮೆ. ಗುಂಟೂರಿನ ಕಾಯಿಗೆ ಉರಿ ಹೆಚ್ಚು, ಅದನ್ನು ಎಣಿಸಿ ಹಾಕಬೇಕು. ಒಡೆದು ಬಿಳಿಯ ತಿರುಳನ್ನು ತೆಗೆದರೆ ಯಾವ ಕಾಯಿಯಾದರೂ ಸಾಧುವಾಗುತ್ತದೆ.

ಇಷ್ಟೆಲ್ಲ ಬಾಲ್ಯದಲ್ಲಿಯೇ ಕಲಿತ ನಾನು ಗೃಹಸ್ಥನಾದ ಮೇಲೆ ಕಣ್ಣಿದ್ದೂ ಕುರುಡನಾದ ಬಗೆಯನ್ನು ಈಗ ಹೇಳಬೇಕು.

ನನ್ನ ತಾಯಿಯವರ ತವರು ಜೇವರ್ಗಿ ತಾಲ್ಲೂಕು, ನಮ್ಮ ಮನೆ ಅಫಜಲಪುರದ ಕಡೆ, ನನ್ನ ಪತ್ನಿ ಆಳಂದದ ಮಗಳು. ಆಳಂದದಿಂದ ಅಕ್ಕಲಕೋಟೆ, ಸೊಲ್ಲಾಪುರಗಳು ದೂರವಲ್ಲ. ಒಣಕೊಬ್ಬರಿ, ಎಳ್ಳು, ಕಲ್ಲುಹೂವುಗಳನ್ನು ಕಪ್ಪಾಗುವಂತೆ ಹುರಿದು ಮಾಡುವ ಕಾಳಾ ಮಸಾಲೆ ಆಕೆಯ ತವರಿನ ಬಳುವಳಿ. ಆಕೆಯ ಕೈಯ ಎಣ್ಣೆಗಾಯಿಯನ್ನು ನೆರೆಹೊರೆಯವರೆಲ್ಲ ಹೊಗಳುತ್ತಿದ್ದರು. ನನ್ನ ತಾಯಿಯವರೂ ಎಂದೂ ಒಂದು ಕೊಂಕು ಮಾತು ಆಡಿದವರಲ್ಲ. ಅವರಿಗೆ ಎಪ್ಪತ್ತು ದಾಟಿದ ಮೇಲೆ, 2004ರ ಸುಮಾರಿನಲ್ಲಿ, ಊಟದಲ್ಲಿ ಒಂದು ಬದಲಾವಣೆ ಕಂಡಿತು. ಪಂಕ್ತಿಯಲ್ಲಿ ನಮ್ಮೊಡನೆ ಕೂಡುವುದನ್ನು ಬಿಟ್ಟರು. "ನೀವು ಉಣ್ರಿ, ನಂದು ಆಮ್ಯಾಗ" ಎನ್ನುತ್ತಿದ್ದರು. ಒಮ್ಮೊಮ್ಮೆ ಹಾಲು ರೊಟ್ಟಿಯಷ್ಟೇ ಸಾಕೆನ್ನುತ್ತಿದ್ದರು. ಸೋಮವಾರದ ಜೊತೆಗೆ ಗುರುವಾರವೂ ಒಪ್ಪತ್ತು ಹಿಡಿದರು. ವೃದ್ಧಾಪ್ಯದಲ್ಲಿ ವೈರಾಗ್ಯ ಬಲಿಯಿತೆಂದು ನಾನು ಸಂತೋಷಪಟ್ಟೆ. ಒಂದೆರಡು ಪ್ರವಚನಗಳಲ್ಲಿ ಹೆಸರು ಹೇಳದೆ ಅವರ ನಿಷ್ಠೆಯನ್ನು ಉದಾಹರಿಸಿಯೂಬಿಟ್ಟೆ!

ಒಂದು ಮಧ್ಯಾಹ್ನ ಕಾರ್ಯಕ್ರಮವೊಂದು ರದ್ದಾಗಿ ಬೇಗನೆ ಮನೆಗೆ ಬಂದೆ. ತಾಯಿಯವರು ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖಮಾಡಿ ಊಟಕ್ಕೆ ಕುಳಿತಿದ್ದರು. ತಾಟಿನ ಪಕ್ಕದಲ್ಲಿ ನೀರಿನ ಬಟ್ಟಲಿತ್ತು. ಬದನೆಯ ಹೋಳನ್ನು ಆ ನೀರಿನಲ್ಲಿ ಅದ್ದಿ, ಬೆರಳಿನಿಂದ ತೊಳೆದು, ರೊಟ್ಟಿಯೊಡನೆ ಬಾಯಿಗಿಡುತ್ತಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಾನು ಬಾಗಿಲಲ್ಲಿ ಮಾತಿಲ್ಲದೆ ನಿಂತಿದ್ದೆ. ಊಟ ಮುಗಿಸಿ ಅವರು ವಾಡಿಕೆಯಂತೆ ತಾಟನ್ನು ತೊಳೆದು ಕುಡಿದರು. ಬಳಿಕ ಆ ಬಟ್ಟಲಿನ ಕೆಂಪು ನೀರನ್ನೂ ಎತ್ತಿ ಕುಡಿದುಬಿಟ್ಟರು. ಪ್ರಸಾದವನ್ನು ಚೆಲ್ಲಬಾರದಲ್ಲವೇ? ಹೋಳಿನಿಂದ ತೊಳೆದು ತೆಗೆದ ಖಾರವೆಲ್ಲ ಕಡೆಗೆ ಅದೇ ಹುಣ್ಣಾದ ಬಾಯಿಯ ಮೂಲಕವೇ ಒಳಗೆ ಹೋಯಿತು.

"ಯವ್ವಾ, ಇದೇನು?" ಎಂದೆ. ಅವರು ಬೆಚ್ಚಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಏನಿಲ್ಲಪ್ಪ, ನಾಲಿಗಿ ಜರ ಉರೀತದ" ಎಂದರು. ಜರ ಎಂದರೆ ಎಷ್ಟು ದಿನದಿಂದ ಎಂದು ಬಿಡದೆ ಕೇಳಿದಾಗ, "ದಸರಾ ಆದಾಗಿಂದ" ಎಂದರು. ಆಗ ಯುಗಾದಿ ಸಮೀಪಿಸಿತ್ತು. ಅಷ್ಟರಲ್ಲಿ ನನ್ನ ಪತ್ನಿಯೂ ಬಂದಳು. ಆಕೆ ಕಣ್ಣೀರಿಟ್ಟು, "ಅತ್ತೀ, ನನಗ ಒಂದ್ ಮಾತ್ ಹೇಳಬಾರದಾಗಿತ್ತೇನ್ರಿ? ನಿಮ್ದು ಬ್ಯಾರೆ ತಗದಿಡ್ತಿದ್ದೆನಲ್ರಿ" ಎಂದಳು. ಅದಕ್ಕೆ ನನ್ನ ತಾಯಿ ಕೊಟ್ಟ ಉತ್ತರ ಇಂದಿಗೂ ನನ್ನ ಕಿವಿಯಲ್ಲಿದೆ: "ನೀ ಲಿಂಗಕ್ಕ ತೋರಿಸಿ ಬಡಿಸಿದ್ದನ್ನ ಖಾರ ಆಗ್ಯಾದ ಅಂತ ಹ್ಯಾಂಗ ಅನ್ನಲೆವ್ವಾ? ಪ್ರಸಾದಕ್ಕ ಹೆಸರಿಡಬಾರದು ಅಂತ ಇಂವಾನೇ ಊರೂರಿಗೆ ಹೇಳ್ಕೋತ ತಿರಗತಾನ."

ಇಂವಾನೇ ಎಂದರೆ ನಾನೇ. ನನ್ನ ಉಪದೇಶವೇ ನನ್ನ ತಾಯಿಯ ಬಾಯಿಗೆ ಬೀಗ ಹಾಕಿತ್ತು.

ಮರುದಿನ ಕಲಬುರಗಿಗೆ ಕರೆದೊಯ್ದು ವೈದ್ಯರಿಗೆ ತೋರಿಸಿದೆವು. ನಾಲಿಗೆ ನುಣುಪಾಗಿ ಕೆಂಪೇರಿತ್ತು. ರಕ್ತ ಪರೀಕ್ಷಿಸಿದ ವೈದ್ಯರು ಬಿ-12 ಎಂಬ ಜೀವಸತ್ತ್ವ ಬಹಳ ಕಡಿಮೆಯಾಗಿದೆ, ರಕ್ತಹೀನತೆಯೂ ಇದೆ ಎಂದರು. ಶಾಕಾಹಾರಿಗಳಲ್ಲಿ, ಅದರಲ್ಲಿಯೂ ಹಾಲು ಮೊಸರು ಕಡಿಮೆ ಸೇವಿಸುವ ವೃದ್ಧರಲ್ಲಿ, ಈ ಕೊರತೆ ಸಾಮಾನ್ಯವಂತೆ. ನಾಲಿಗೆಯ ಉರಿ ಅದರ ಒಂದು ಲಕ್ಷಣವಂತೆ. "ಇನ್ನೂ ತಡಮಾಡಿದ್ದರೆ ಕೈಕಾಲಿನ ನರಗಳಿಗೂ ಹಾನಿಯಾಗುತ್ತಿತ್ತು" ಎಂದು ಅವರು ಹೇಳಿದಾಗ ನಾನು ತಲೆ ತಗ್ಗಿಸಿದೆ. ವೈರಾಗ್ಯವೆಂದು ನಾನು ಕೊಂಡಾಡಿದುದು ಒಂದು ರೋಗವಾಗಿತ್ತು. ಖಾರ ತಡೆಯಲಾಗದೆಂಬ ಒಂದು ಮಾತು ಬಾಯಿಂದ ಬಂದಿದ್ದರೆ ಅದು ಆರು ತಿಂಗಳ ಮೊದಲೇ ತಿಳಿಯುತ್ತಿತ್ತು.

ಆ ರಾತ್ರಿ ನಾನು ಓದಿದ ಶಾಸ್ತ್ರವನ್ನು ಮತ್ತೆ ಮನಸ್ಸಿನಲ್ಲಿ ತಿರುವಿ ಹಾಕಿದೆ. ಪದಾರ್ಥದ ರೂಪವನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸಬೇಕೆಂಬುದು ನಮ್ಮ ಷಟ್‌ಸ್ಥಲದ ಅರ್ಪಿತ ವಿಧಾನ. ರೂಪದ ಮಾತನ್ನಷ್ಟೇ ಹಿಡಿದು ನಾನು ಪ್ರವಚನ ಮಾಡಿದ್ದೆ. ರುಚಿಯೂ ಅರ್ಪಿತವಾಗಬೇಕಾದರೆ ಉಣ್ಣುವವರ ನಾಲಿಗೆ ಅದನ್ನು ಅರಿಯುವ ಸ್ಥಿತಿಯಲ್ಲಿರಬೇಡವೇ? ಉರಿಯಿಂದ ಕಣ್ಣೀರು ಸುರಿಸುವ ಜೀವ ಯಾವ ತೃಪ್ತಿಯನ್ನು ಅರ್ಪಿಸೀತು? ಪ್ರಸಾದವನ್ನು ಹಳಿಯಬಾರದು ಎಂಬುದು ನಿಜ. ಆದರೆ 'ನನಗೆ ಇದು ಉರಿಯುತ್ತದೆ' ಎಂಬುದು ಪ್ರಸಾದದ ನಿಂದೆಯಲ್ಲ. ತನ್ನ ದೇಹದ ನಿವೇದನೆ. ಈ ಭೇದವನ್ನು ಹೇಳದೆ ಮೊದಲಿನದನ್ನಷ್ಟೇ ಹೇಳಿದ್ದು ನನ್ನ ಅಪರಾಧ. ಅಂದಿನಿಂದ ಪ್ರಸಾದದ ಪ್ರವಚನ ಮಾಡುವಲ್ಲೆಲ್ಲ ಎರಡನ್ನೂ ಹೇಳುತ್ತ ಬಂದಿದ್ದೇನೆ.

ಮನೆಯಲ್ಲಿ ನನ್ನ ಪತ್ನಿ ಮಾಡಿದ ಬದಲಾವಣೆ ಬಹಳ ಸರಳ. ಪಲ್ಯವನ್ನು ಮೊದಲು ಖಾರವಿಲ್ಲದೆ ಬೇಯಿಸಿ, ಅತ್ತೆಯ ಪಾಲನ್ನು ಸಣ್ಣ ಪಾತ್ರೆಗೆ ತೆಗೆದು, ಜೀರಿಗೆ ಮತ್ತು ಕರಿಮೆಣಸಿನ ಒಂದು ಕಾಳು ಕುಟ್ಟಿ ಒಗ್ಗರಿಸುವಳು. ಉಳಿದುದಕ್ಕೆ ಅರ್ಧ ಖಾರ. ಬೇಕಾದವರಿಗೆ ಕೆಂಪುಖಾರ, ಶೇಂಗಾ ಹಿಂಡಿ, ಹಸಿಮೆಣಸಿನಕಾಯಿ ತಾಟಿನ ಪಕ್ಕದಲ್ಲಿ ಬೇರೆಯಾಗಿ ಬಡಿಸುವಳು. ಎಡೆಯನ್ನು ಮೊದಲು ಲಿಂಗಕ್ಕೆ ತೋರಿಸಿ, ಬಳಿಕ ಉಳಿದುದರ ರುಚಿ ನೋಡಿ, ತಪ್ಪಿದ್ದರೆ ತಿದ್ದಿ ಬಡಿಸುವುದು ನಮ್ಮ ಮನೆಯ ಪದ್ಧತಿಯಾಯಿತು. ಖಾರವನ್ನು ಯಾರು ಎಷ್ಟು ಬೇಕಾದರೂ ಕೂಡಿಸಿಕೊಳ್ಳಬಹುದು, ತಟ್ಟೆಯಿಂದ ಯಾರೂ ತೆಗೆಯಲಾರರು. ಉಣ್ಣುವವರ ಪರವಾಗಿ ಅಡುಗೆಯವರು ನಿರ್ಣಯಿಸುವ ಈ ಒಂದು ವಿಷಯದಲ್ಲಿ ಕೈ ಹಿಡಿತದಲ್ಲಿರುವುದೇ ದಾಸೋಹದ ಲಕ್ಷಣ.

ಸೂಜಿ, ಗುಳಿಗೆಗಳು ನಡೆದವು. ಕೆಲವು ವಾರಗಳಲ್ಲಿ ನಾಲಿಗೆಯ ಉರಿ ಇಳಿಯಿತು, ಮುಖದಲ್ಲಿ ಕಳೆ ಬಂದಿತು. ಆ ವರ್ಷದ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬನ್ನಿಯ ಮರದ ಕೆಳಗೆ ಊಟಕ್ಕೆ ಕುಳಿತೆವು. ಹಸಿ ತೊಗರಿ, ಕಡಲೆ, ಅವರೆ, ಬದನೆ, ಸೊಪ್ಪುಗಳೆಲ್ಲ ಕೂಡಿದ ಭಜ್ಜಿ, ಸಜ್ಜೆಯ ರೊಟ್ಟಿ. ಪತ್ನಿ ಎಂದಿನಂತೆ ಅತ್ತೆಗೆ ಸಪ್ಪೆಯ ಭಜ್ಜಿಯ ಪಾತ್ರೆಯನ್ನು ಮುಂದಿಟ್ಟಳು. ತಾಯಿಯವರು ಒಂದು ತುತ್ತು ಉಂಡು ಸೊಸೆಯ ಮುಖ ನೋಡಿ, "ಇದು ಕೂಸಿನ ಊಟ ಆಗ್ಯಾದವ್ವಾ. ಆ ಭಜ್ಜಿ ಜರ ಹಾಕು, ಮ್ಯಾಲ ಒಂದ್ ಹಸಿಮೆಣಸಿನಕಾಯಿ ಕೊಡು" ಎಂದರು. ನಮ್ಮವರೆಲ್ಲ ನಕ್ಕರು. ನನ್ನ ಪತ್ನಿ ಮಾತ್ರ ನಗುತ್ತಲೇ ಕಣ್ಣೊರೆಸಿಕೊಂಡಳು. ಹದ ಎಂದರೆ ಯಾವಾಗಲೂ ಕಡಿಮೆ ಮಾಡುವುದಲ್ಲ ಎಂಬ ಪಾಠ ನನಗೆ ಆ ಮರದ ಕೆಳಗೆ ಆಯಿತು. ಬಳಿಕ ನಾಲ್ಕು ವರ್ಷ ಬಾಳಿ ಅವರು ಲಿಂಗೈಕ್ಯರಾದರು.

ಕುಟುಂಬಗಳ ಹಿತದೃಷ್ಟಿಯಿಂದ ಇನ್ನೆರಡು ಮಾತು ಸೇರಿಸುವುದು ಅವಶ್ಯ. ಹೊಟ್ಟೆಯ ಹುಣ್ಣಿಗೆ ಖಾರವೇ ಕಾರಣವೆಂಬ ಹಳೆಯ ನಂಬಿಕೆ ಈಗ ಉಳಿದಿಲ್ಲ. ಬಹುಪಾಲು ಹುಣ್ಣುಗಳಿಗೆ ಒಂದು ರೋಗಾಣುವೂ ಕೆಲವು ನೋವಿನ ಮಾತ್ರೆಗಳೂ ಕಾರಣವೆಂದು ತಿಳಿದುಬಂದಿದೆ. ಆದರೆ ಇರುವ ಹುಣ್ಣನ್ನು ಖಾರ ಕೆರಳಿಸಬಹುದು. ಎರಡನೆಯದು ಇದಕ್ಕಿಂತ ಮುಖ್ಯ. ನಿನ್ನೆಯವರೆಗೆ ಮೆಣಸಿನಕಾಯಿ ಕಡಿದು ರೊಟ್ಟಿ ಉಣ್ಣುತ್ತಿದ್ದ ಯುವಕ ಇದ್ದಕ್ಕಿದ್ದಂತೆ ಖಾರ ತಡೆಯಲಾರೆ ಎಂದರೆ, ಅವನು ಗುಟಕಾ, ಅಡಿಕೆ ಜಗಿಯುವವನಾಗಿದ್ದರೆ, ಅದನ್ನು ನಾಜೂಕುತನವೆಂದು ಹಾಸ್ಯ ಮಾಡಬೇಡಿರಿ. ಬಾಯಿಯ ಒಳಚರ್ಮ ಗಟ್ಟಿಯಾಗಿ, ಬರಬರುತ್ತ ಬಾಯಿ ತೆರೆಯಲೂ ಆಗದಂತೆ ಮಾಡುವ ರೋಗದ ಮೊದಲ ಸೂಚನೆ ಈ ಉರಿಯೇ ಆಗಿರುತ್ತದೆ. ಆ ರೋಗ ಮುಂದೆ ಅರ್ಬುದಕ್ಕೆ ತಿರುಗುವುದೂ ಉಂಟು. ಎರಡು ವಾರಕ್ಕೂ ಮಾಯದ ಬಾಯಿಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು.

ಕಡೆಯದಾಗಿ ಜೇವರ್ಗಿ ಸೀಮೆಯ ಆ ಮಗಳಿಗೆ: ತಾಯಿ, ನೀನು ಕೇಳಿದ್ದು ನಗುವ ಪ್ರಶ್ನೆಯಲ್ಲ. ಪುಡಿಯ ಗುಣವನ್ನು ಮೊದಲೇ ಅರಿ; ಕಡಿಮೆಯಿಂದ ಆರಂಭಿಸು; ಎಡೆ ತೋರಿಸಿದ ಮೇಲೆ ರುಚಿ ನೋಡಿ ತಿದ್ದು. ಇದಾವುದೂ ಪ್ರಸಾದಕ್ಕೆ ಅಪಚಾರವಲ್ಲ. ಬಡಿಸಿದ ಬಳಿಕ ಒಮ್ಮೆ ಎಲ್ಲರ ಮುಖ ನೋಡು. ಗೋಡೆಗೆ ಮುಖಮಾಡಿ ಉಣ್ಣುವವರು ಯಾರಾದರೂ ಇದ್ದರೆ ಅವರ ಬಳಿ ಮಜ್ಜಿಗೆಯ ಬಟ್ಟಲನ್ನು ಹಿಡಿದುಕೊಂಡು ಹೋಗಿ, "ಖಾರ ಆಗ್ಯಾದೇನ್ರಿ?" ಎಂದು ಕೇಳು. ನಾನು ಕೇಳಲಿಲ್ಲ. ನೀನು ಕೇಳು.